ಮೊದಲೇ ಬಂದ ಗಟ್ಟಿಮೇಳ

ವಾಲಗದಜ್ಜನ ಕೆಳತುಟಿಯ ನಟ್ಟನಡುವೆ ಒಂದು ಗುಳಿ ಇತ್ತು. ಕಡಲೆಕಾಳು ಇಟ್ಟರೆ ಕೂರುವಷ್ಟು. ಚಿಕ್ಕಂದಿನಿಂದ ವಾಲಗದ ಪೀಪಿಯನ್ನು ಅದೇ ಜಾಗಕ್ಕೆ ಒತ್ತಿ ಒತ್ತಿ ತುಟಿ ಅಲ್ಲಿ ಕಪ್ಪಾಗಿ, ಗಟ್ಟಿಯಾಗಿ, ತಗ್ಗಾಗಿತ್ತು. ಬಾಯಿ ಮುಚ್ಚಿ ಸುಮ್ಮನೆ ಕೂತಾಗಲೂ ಅವರು ಇನ್ನೇನು ಊದಲು ಹೊರಟವರ ಹಾಗೆ ಕಾಣುತ್ತಿದ್ದರು. ನಾನು ಸೊರಬದ ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ಯಾರ ಮುಖ ಕಂಡರೂ ಮೂಗಿನ ಮೇಲೆ ಕನ್ನಡಕ ಕೂತ ಗುರುತು ಇದೆಯೇ, ಕಿವಿಗಳೆರಡೂ ಒಂದೇ ಮಟ್ಟದಲ್ಲಿವೆಯೇ ಎಂದು ನೋಡುವುದು ನನ್ನ ಚಾಳಿ. ಬಹಳ ಜನರ ಕಿವಿ ಒಂದೇ ಮಟ್ಟದಲ್ಲಿ ಇರುವುದಿಲ್ಲ. ಹೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೆ. ವಾಲಗದಜ್ಜನನ್ನು ಮೊದಲ ಸಲ ಬಸ್ಸಿನಲ್ಲಿ ಕಂಡಾಗ ಮಾತ್ರ ಮೂಗು ಕಿವಿಗಳ ಗೊಡವೆಗೆ ಹೋಗದೆ ಆ ತುಟಿಯನ್ನೇ ನೋಡುತ್ತಾ ಕೂತುಬಿಟ್ಟೆ. ಅವರದನ್ನು ಗಮನಿಸಿ, “ಯಾಕ ತಂಗಿ, ಬಾಯಿಗೆ ಅನ್ನದ ಅಗಳು ಅಂಟೈತೇನು?” ಎಂದು ಕೇಳಿದರು.

ನನ್ನ ಮನೆ ಶಿಕಾರಿಪುರದಲ್ಲಿ, ಕೆಲಸ ಸೊರಬದಲ್ಲಿ. ಎರಡನ್ನೂ ಒಂದೇ ಊರಿನಲ್ಲಿ ಇಡಬೇಕೆಂದು ದೇವರಿಗೆ ಯಾಕೆ ಹೊಳೆಯಲಿಲ್ಲವೋ ಗೊತ್ತಿಲ್ಲ. ಹಾಗಾಗಿ ವರ್ಷಗಳಿಂದ ಬೆಳಿಗ್ಗೆ ಅದೇ ಬಸ್ಸು, ಅದೇ ಕಿಟಕಿ, ಸಂಜೆ ಅದೇ ದಾರಿಯಲ್ಲಿ ವಾಪಸ್ಸು. ದಿನಾ ಓಡಾಡುವ ನಮಗೆಲ್ಲ ಒಬ್ಬರ ಹೆಸರು ಒಬ್ಬರಿಗೆ ಗೊತ್ತಿರದಿದ್ದರೂ ಯಾರ ಡಬ್ಬಿಯಲ್ಲಿ ಏನಿದೆ ಎಂಬುದು ಗೊತ್ತಿರುತ್ತದೆ. ಅಜ್ಜ ಶಿಕಾರಿಪುರ ದಾಟಿದ ಮೇಲೆ ಒಂದು ಹಳ್ಳಿಯ ಕ್ರಾಸಿನಲ್ಲಿ ಹತ್ತುತ್ತಿದ್ದರು. ಬಿಳಿ ಪಂಚೆ, ಹೆಗಲ ಮೇಲೆ ಶಲ್ಯ, ಕಂಕುಳಲ್ಲಿ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ವಾಲಗ. ಬಾಗಿಲ ಹತ್ತಿರದ ಸೀಟು ಅವರದ್ದು. ಅಲ್ಲಿ ಬೇರೆ ಯಾರಾದರೂ ಕೂತಿದ್ದರೆ ನಮ್ಮ ಕಂಡಕ್ಟರು ಅವರ ಕಿವಿಯ ಹತ್ತಿರ ಶಿಳ್ಳೆ ಊದಿ ಎಬ್ಬಿಸುತ್ತಿದ್ದರು. ಸೊರಬದಲ್ಲಿ ಇಳಿದು ಬಸ್ ನಿಲ್ದಾಣದ ಪಕ್ಕದ ಜ್ಯೂಸ್ ಅಂಗಡಿಯ ಗೋಡೆಗೆ ಒರಗಿ ಕೂತು, ಶಲ್ಯ ಹಾಸಿಕೊಂಡು, ಸಂಜೆಯ ತನಕ ಊದುವುದು ಅಜ್ಜನ ಕೆಲಸ. ಭತ್ತದ ಚೀಲ ಇಳಿಸುವವರು, ಅಡಿಕೆ ಮಾರಿ ಬಂದವರು, ಕಾಲೇಜಿನ ಮಕ್ಕಳು ನಿಂತು ಕೇಳಿ, ತೋಚಿದ್ದನ್ನು ಹಾಕಿ ಹೋಗುತ್ತಿದ್ದರು.

ಅಜ್ಜನದ್ದು ಒಂದೇ ಒಂದು ಕಟ್ಟುನಿಟ್ಟು. ಬಸ್ಸಿನ ಗಾಲಿ ತಿರುಗುತ್ತಿರುವಾಗ ವಾಲಗವನ್ನು ಬಾಯಿಗೆ ಇಡುತ್ತಿರಲಿಲ್ಲ. ಹೊಸಬರು ಯಾರಾದರೂ, “ಒಂದು ಹಾಡು ಬರ್ಲಿ ಅಜ್ಜಾ” ಎಂದರೆ ಬಾಯಿ ಅಗಲಿಸಿ ಮೇಲಿನ ಹಲ್ಲುಸಾಲಿನ ಖಾಲಿ ಜಾಗವೊಂದನ್ನು ತೋರಿಸುತ್ತಿದ್ದರು. “ಇದು ಆನವಟ್ಟಿ ರಸ್ತಿ ನುಂಗಿದ್ದು. ಗುಂಡಿ ಬಂತಂದ್ರ ವಾಲಗ ಗಂಟಲಿಗೇ ಹೊಕ್ಕತೈತಿ. ಶಿರಾಳಕೊಪ್ಪ ಬರ್ಲಿ ತಡೀರಿ.”

ಶಿರಾಳಕೊಪ್ಪದಲ್ಲಿ ಬಸ್ಸು ಹತ್ತು ನಿಮಿಷ ನಿಲ್ಲುತ್ತದೆ. ಡ್ರೈವರು ಎಂಜಿನ್ ಆರಿಸಿ ಚಹಾಕ್ಕೆ ಇಳಿಯುತ್ತಾರೆ. ಅಲ್ಲಿಯ ತನಕ ಗಡಗಡ ಅಂದ ಬಸ್ಸು ಒಮ್ಮೆಲೇ ಸುಮ್ಮನಾದಾಗ ಕಿವಿಯೊಳಗೆ ಒಂದು ಖಾಲಿ ಉಳಿಯುತ್ತದಲ್ಲ, ಅದಕ್ಕೇ ಅಜ್ಜ ಕಾಯುತ್ತಿದ್ದರು. ಸೀರೆಯ ತುಂಡು ಬಿಚ್ಚಿ, ಪೀಪಿಯನ್ನು ನಾಲಿಗೆಯಲ್ಲಿ ನೆನೆಸಿ, ಕಿಟಕಿಯ ಕಡೆ ತಿರುಗಿ ಶುರು ಮಾಡುತ್ತಿದ್ದರು. ಮೊದಲು ನಿಧಾನದ್ದು ಒಂದು. ಕಾಲೇಜಿನ ಹುಡುಗಿಯರು ಕೇಳಿದರೆ ಆಮೇಲೆ ಒಂದು ಸಿನಿಮಾ ಹಾಡು. ನಮ್ಮ ಕಡೆ ತಿರುಗುತ್ತಲೇ ಇರಲಿಲ್ಲ. ಯಾಕೆಂದು ಒಮ್ಮೆ ಕೇಳಿದೆ.

“ಮದುವ್ಯಾಗ ನಮ್ಮ ಕಡಿ ಯಾರು ನೋಡ್ತಾರವ್ವ? ಮೂಲ್ಯಾಗ ಕುಂದ್ರಸಿರ್ತಾರ. ಯಾರಾದ್ರೂ ನೋಡಿದ್ರಂದ್ರ ಊಟಕ್ಕ ಕರ್ಯಾಕ ಬಂದಾರ ಅಂತ ಅರ್ಥ. ನಿಮ್ಮ ಮುಖ ನೋಡಿ ಊದಿದ್ರ ನಂಗ ಹಸಿವಾಕ್ಕೈತಿ” ಎಂದರು.

ಆ ಹತ್ತು ನಿಮಿಷ ನನಗೆ ಏನಾಗಿತ್ತು ಎಂದು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ನನ್ನನ್ನು ಮೊದಲು ಕೊಟ್ಟಿದ್ದು ಕ್ಯಾಸನೂರಿನ ಕಡೆಯ ಒಂದು ಹಳ್ಳಿಗೆ. ಮದುವೆಯಾದ ಮರುವರ್ಷ ಗಂಡ ಸೊಪ್ಪಿಗೆಂದು ಕಾಡಿಗೆ ಹೋಗಿ ಬಂದವನು ಜ್ವರದಿಂದ ಮಲಗಿದ, ಏಳಲಿಲ್ಲ. ಮಂಗನ ಕಾಯಿಲೆ. ಅದು ಉಣ್ಣಿಯಿಂದ ಬರುತ್ತದೆಂದು ಆ ಊರಿನ ಚಿಕ್ಕ ಮಕ್ಕಳಿಗೂ ಗೊತ್ತು. ಆದರೂ ಗಂಡನ ಅಣ್ಣ, ನನ್ನ ಭಾವ, ಮನೆ ತುಂಬ ಜನ ಕೂತಿದ್ದಾಗ ಇವಳ ಕಾಲ್ಗುಣವೇ ಸರಿಯಿಲ್ಲ ಎಂದರು. ಯಾರೂ ಅಲ್ಲ ಎನ್ನಲಿಲ್ಲ. ನಾನು ಶಿಕಾರಿಪುರದ ಅಮ್ಮನ ಮನೆಗೆ ಬಂದೆ. ಕೆಲವು ವರ್ಷಗಳಲ್ಲಿ ಅಮ್ಮನೂ ಹೋದಳು. ಒಬ್ಬಳೇ ಇದ್ದೆ, ದುಡಿದು ತಿನ್ನುತ್ತಿದ್ದೆ, ಯಾರ ಮನೆಯ ಮದುವೆಗೂ ಹೋಗುತ್ತಿರಲಿಲ್ಲ. ಕರೆದರೂ ಮುತ್ತೈದೆಯರ ಸಾಲು ಹಾದುಹೋಗುವಾಗ ಕಂಬದ ಮರೆಗೆ ಸರಿಯುವುದು ನನಗೆ ಸಾಕಾಗಿ ಹೋಗಿತ್ತು. ಹಾಗಾಗಿ ವಾಲಗದ ಸದ್ದು ನನ್ನ ಬದುಕಿಗೆ ಮತ್ತೆ ಬಂದದ್ದು ಶಿರಾಳಕೊಪ್ಪದ ನಿಲ್ದಾಣದಲ್ಲಿ, ಬಸ್ಸಿನ ಕಿಟಕಿಯ ಪಕ್ಕ. ಕೇಳಲು ನಾನು ಯಾವ ಕಂಬದ ಮರೆಗೂ ಸರಿಯಬೇಕಾಗಿರಲಿಲ್ಲ.

ಹೆಂಗಸರಿಗೆ ಬಸ್ಸು ಉಚಿತವಾದ ಮೇಲೆ ನಮ್ಮ ಬಸ್ಸಿನಲ್ಲಿ ಸೀಟಿನ ಜಗಳ ಜಾಸ್ತಿಯಾಯಿತು. ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವುದು ನಮ್ಮ ಕಡೆ ಮೊದಲಿನಿಂದಲೂ ನಡೆದು ಬಂದ ಕಾನೂನು. ಟವೆಲ್ ಬಿದ್ದರೆ ಆ ಸೀಟು ರಿಜಿಸ್ಟರ್ ಆದ ಹಾಗೆ. ಒಂದು ಸೋಮವಾರ ಶಿರಾಳಕೊಪ್ಪದಲ್ಲಿ ಒಬ್ಬಾಕೆ ಹೊರಗಿನಿಂದ ಟವೆಲ್ ಎಸೆದಳು, ಇನ್ನೊಬ್ಬಾಕೆ ಒಳಗಿನಿಂದ ಬಂದು ಅದರ ಮೇಲೇ ಕೂತಳು. ಮಾತಿಗೆ ಮಾತು ಬೆಳೆದು ಇಬ್ಬರೂ ಒಬ್ಬರ ತವರಿನ ಬಗ್ಗೆ ಇನ್ನೊಬ್ಬರು ಹೇಳಬಾರದ್ದನ್ನು ಹೇಳುವ ಮಟ್ಟಕ್ಕೆ ಬಂದರು. ನಿಧಾನದ್ದು ಊದುತ್ತಿದ್ದ ಅಜ್ಜ ಥಟ್ಟನೆ ನಿಲ್ಲಿಸಿ, ಒಂದು ಉಸಿರು ಎಳೆದುಕೊಂಡು, ಗಟ್ಟಿಮೇಳ ಶುರುಮಾಡಿದರು. ತಾಳಿ ಕಟ್ಟುವ ಹೊತ್ತಿಗೆ ಊದುವ ಅದೇ ಗಟ್ಟಿಮೇಳ. ಯಾರೋ ಸೀಟಿನ ತಗಡಿಗೆ ಡೋಲಿನಂತೆ ಬಡಿದರು. ಇನ್ನೊಬ್ಬರು ಊಟದ ಡಬ್ಬಿ ತಟ್ಟಿದರು. ಆ ಇಬ್ಬರು ಹೆಂಗಸರ ಬಾಯಿ ಆಡುತ್ತಿತ್ತು, ಒಂದಕ್ಷರ ಕೇಳುತ್ತಿರಲಿಲ್ಲ. ಕೊನೆಗೆ ಅವರಿಗೇ ನಗು ಬಂದು ಒಂದೇ ಸೀಟಿನಲ್ಲಿ ಒತ್ತಿಕೊಂಡು ಕೂತರು.

“ಗಟ್ಟಿಮೇಳ ಇರಾದೇ ಅದಕ್ಕ ತಂಗಿ” ಎಂದರು ಅಜ್ಜ ನನಗೆ, ಪೀಪಿ ಒರೆಸಿಕೊಳ್ಳುತ್ತಾ. “ತಾಳಿ ಕಟ್ಟೋವಾಗ ಯಾರೋ ಸೀನಿರ್ತಾರ, ಯಾರೋ ಅತ್ತಿರ್ತಾರ, ಯಾರೋ ಒಂದು ಕೆಟ್ಟ ಮಾತು ಆಡಿರ್ತಾರ. ಅದು ಮದುಮಗಳ ಕಿವಿಗೆ ಬೀಳಬಾರ್ದು. ಹಾಡು ಚೆಂದ ಇರ್ಬೇಕು ಅಂತೇನಿಲ್ಲ, ದೊಡ್ಡದಿರ್ಬೇಕು.”

ಅಂದಿನಿಂದ ನಮ್ಮ ಬಸ್ಸಿನಲ್ಲಿ ಅದು ರೂಢಿಯಾಗಿಹೋಯಿತು. ಜಗಳ ಶುರುವಾಗುವ ಲಕ್ಷಣ ಕಂಡರೆ ಸಾಕು, “ಅಜ್ಜಾ, ಮುಹೂರ್ತ ಬಂತು” ಎಂದು ಕಂಡಕ್ಟರು ಕೂಗುತ್ತಿದ್ದರು.

ಶಿರಾಳಕೊಪ್ಪದಲ್ಲಿ ಹತ್ತುವವರಲ್ಲಿ ಒಬ್ಬರು ಸೊರಬದ ಪಶು ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದರು. ಬಂದಳಿಕೆಯ ಕಡೆಯವರು, ಮನೆಯಲ್ಲಿ ಕುರಿ ಸಾಕಣೆ. ಎಷ್ಟು ಸೋಪು ಹಾಕಿದರೂ ಅವರ ಅಂಗಿಯಿಂದ ಕುರಿಯ ವಾಸನೆ ಹೋಗುತ್ತಿರಲಿಲ್ಲ. ಈಗಲೂ ಹೋಗಿಲ್ಲ, ನಾನೇ ಒಗೆಯುವವಳಾದ್ದರಿಂದ ಹೇಳುತ್ತಿದ್ದೇನೆ. ಹೆಣ್ಣು ನೋಡುವ ಪ್ರತಿ ಸಲವೂ ಏನಾದರೊಂದು ತಪ್ಪಿ, ಮನೆಯವರು ಇವರ ಮದುವೆಯ ಆಸೆ ಬಿಟ್ಟಿದ್ದರಂತೆ. ಅವರು ದಿನಾ ಅಜ್ಜನಿಗೆ ಕಿಟಕಿಯಿಂದ ಒಂದು ಚಹಾ ಕೊಡುತ್ತಿದ್ದರು. ಆಮೇಲೆ ಹಿಂದಿನ ಕಿಟಕಿಯ ನನಗೂ ಒಂದು ಕೊಡತೊಡಗಿದರು. ಮೊದಲ ದಿನ ಬೇಡವೆಂದೆ. ಎರಡನೆಯ ದಿನವೂ ಬೇಡವೆಂದೆ. ಅಜ್ಜ ವಾಲಗ ಬಾಯಿಂದ ತೆಗೆದು, “ಇಸ್ಕ ತಂಗಿ, ಆತನ ಕೈ ಸುಡಾಕತ್ತೈತಿ” ಎಂದರು. ಇಸಿದುಕೊಂಡೆ. ಹಾಗೆ ಶುರುವಾಯಿತು. ಮಾತು ಬಹಳ ಇರಲಿಲ್ಲ. ವಾಲಗ ನಡೆಯುತ್ತಿರುವಾಗ ಇಬ್ಬರೂ ಒಂದೇ ಹಾಡು ಕೇಳುತ್ತಿರುತ್ತೇವೆ, ಅಷ್ಟು ಸಾಕಾಗಿತ್ತು.

ಬಸ್ಸಿನಲ್ಲಿ ನಡೆದದ್ದು ಬಸ್ಸಿಗಿಂತ ಮುಂಚೆ ಊರು ಮುಟ್ಟುತ್ತದೆ. ಭಾವನಿಗೆ ಯಾರೋ ಹೇಳಿದರು. ಒಂದು ಬೆಳಿಗ್ಗೆ ಶಿರಾಳಕೊಪ್ಪ ಬಿಟ್ಟು ಬಸ್ಸು ವೇಗ ಹಿಡಿದಿತ್ತು, ನನಗೆ ಫೋನು ಬಂತು. ನನ್ನದು ಹಳೆಯ ಫೋನು, ಕಿವಿಗೆ ಒತ್ತಿ ಹಿಡಿದರೂ ಅಕ್ಕಪಕ್ಕದವರಿಗೆಲ್ಲ ಕೇಳುತ್ತದೆ. “ನನ್ನ ತಮ್ಮನ್ನ ನುಂಗಿ ಆತು, ಈಗ ಯಾರ್ನ ನುಂಗಕ್ಕೆ ಹೊಂಟೀಯ?” ಎಂದು ಭಾವ ಶುರುಮಾಡಿದರು. ಫೋನು ಇಡಲು ನನಗೆ ಕೈ ಬರಲಿಲ್ಲ. ಹಿರಿಯರು ಮಾತಾಡುತ್ತಿರುವಾಗ ಫೋನು ಇಡಬಾರದೆಂದು ಯಾವಾಗಲೋ ಕಲಿತದ್ದು, ಆ ಹೊತ್ತಿನಲ್ಲಿ ಎಂಥ ದಡ್ಡತನ. ಬಸ್ಸಿನ ಅರ್ಧ ಜನ ಕಿಟಕಿಯಿಂದ ಹೊರಗೆ ನೋಡತೊಡಗಿದ್ದರು, ಕೇಳಿಸದವರ ಹಾಗೆ. ಆಗ ಮುಂದಿನ ಸೀಟಿನಿಂದ ಗಟ್ಟಿಮೇಳ ಎದ್ದಿತು. ಗಾಲಿ ತಿರುಗುತ್ತಿತ್ತು. ಅಜ್ಜ ಒಂದು ಕೈಯಲ್ಲಿ ಸರಳು ಹಿಡಿದು, ಇನ್ನೊಂದು ಕೈಯಲ್ಲೇ ತೂತುಗಳನ್ನು ಮುಚ್ಚುತ್ತಾ ತೆರೆಯುತ್ತಾ ಊದುತ್ತಿದ್ದರು. ರಾಗ ಗೀಗ ಏನೂ ಇರಲಿಲ್ಲ, ಬರೀ ದೊಡ್ಡ ಸದ್ದು. ಭಾವ ಫೋನಿನಲ್ಲಿ ಹಲೋ ಹಲೋ ಎಂದು ಕೂಗಿ ಕೂಗಿ ಕೊನೆಗೆ ತಾವೇ ಇಟ್ಟರು. ಅಷ್ಟರಲ್ಲಿ ಒಂದು ಗುಂಡಿ ಬಂತು. ವಾಲಗ ಟಕ್ಕೆಂದು ಹಲ್ಲಿಗೆ ಬಡಿಯಿತು.

ಶಲ್ಯದ ತುದಿಗೆ ರಕ್ತ ಒರೆಸಿಕೊಳ್ಳುತ್ತಾ ಅಜ್ಜ ನನ್ನ ಕಡೆ ತಿರುಗಿ, “ರಸ್ತಿ ಸರಿ ಇಲ್ಲ” ಎಂದರು. ಆ ಹಲ್ಲು ಮುಂದಿನ ವಾರ ಬಿದ್ದುಹೋಯಿತು. ಅಂದಿನಿಂದ ಅವರ ವಾಲಗದಲ್ಲಿ ಎಳೆದ ಸ್ವರದ ಕೊನೆಗೆ ಒಂದು ಸಣ್ಣ ಗಾಳಿಯ ಸದ್ದು ಸೇರಿಕೊಂಡಿತು.

ಅವರಿಗೆ ಏನಾದರೂ ಮಾಡಬೇಕು ಎನ್ನಿಸಿ, ನನಗೆ ಗೊತ್ತಿದ್ದ ಒಂದೇ ಕೆಲಸ ಮಾಡಿದೆ. ಅಂಗಡಿಗೆ ಕರೆದುಕೊಂಡು ಹೋಗಿ ಕಣ್ಣು ನೋಡಿದೆ. ಹತ್ತಿರದ್ದು ಚೆನ್ನಾಗಿತ್ತು, ದೂರದ್ದು ಪೂರ್ತಿ ಮಂಜು. ಪರೀಕ್ಷೆಯ ಚೌಕಟ್ಟಿಗೆ ಗಾಜು ಹಾಕಿ ಕೂರಿಸಿ ಅಂಗಡಿಯ ಬಾಗಿಲಲ್ಲಿ ನಿಲ್ಲಿಸಿದೆ. ಅಜ್ಜ ಬಸ್ ನಿಲ್ದಾಣದ ಕಡೆ ನೋಡಿದರು. ತುಂಬ ಹೊತ್ತು ನೋಡಿದರು. “ನಮ್ಮ ಕಂಡಕ್ಟ್ರಿಗೆ ತಲಿ ಇಷ್ಟು ಬೆಳ್ಳಗಾಗೈತೇನು?” ಎಂದು ಕೇಳಿದರು. ಆಮೇಲೆ ಬೆಂಚಿನ ಮೇಲೆ ಕೂತು, ನಾನು ಕೇಳದಿದ್ದರೂ, ತಾವು ಬಸ್ಸಿಗೆ ಹೇಗೆ ಬಂದೆವೆಂಬುದನ್ನು ಹೇಳಿದರು.

ಅವರ ಮನೆತನದವರು ಸುತ್ತಲಿನ ಹಳ್ಳಿಗಳಿಗೆ ತಲೆತಲಾಂತರದಿಂದ ಮದುವೆಯ ವಾಲಗದವರು. ಮುಹೂರ್ತದ ಹೊತ್ತಿಗೆ ಪುರೋಹಿತರೋ ಮನೆಯ ಹಿರಿಯರೋ ಕೈ ಎತ್ತುತ್ತಾರೆ, ಮೂಲೆಯಲ್ಲಿ ಕೂತ ವಾಲಗದವರು ಅದನ್ನು ನೋಡಿ ಗಟ್ಟಿಮೇಳ ಎತ್ತುತ್ತಾರೆ. ಗಟ್ಟಿಮೇಳ ಕೇಳಿದ ಕೂಡಲೇ ಜನ ಅಕ್ಷತೆ ಹಾಕುತ್ತಾರೆ. ಮಂಟಪದಲ್ಲಿ ಏನಾಯಿತೆಂದು ಯಾರೂ ಇಣುಕಿ ನೋಡುವುದಿಲ್ಲ. ಸದ್ದು ಕೇಳಿತೆಂದರೆ ಕೈ ತಾನಾಗಿಯೇ ಎರಚುತ್ತದೆ. ಒಂದು ದೊಡ್ಡ ಮನೆಯ ಮದುವೆಯಲ್ಲಿ ಹಾಗೆ ಒಂದು ಕೈ ಮೇಲೆದ್ದಿತು. ಅಜ್ಜ ಗಟ್ಟಿಮೇಳ ಎತ್ತಿದರು. ಚಪ್ಪರ ತುಂಬ ಅಕ್ಷತೆ ಸುರಿಯಿತು. ತಾಳಿ ಇನ್ನೂ ತಟ್ಟೆಯ ತೆಂಗಿನಕಾಯಿಯ ಮೇಲೇ ಇತ್ತು. ಕೈ ಎತ್ತಿದ್ದು ಹುಡುಗನ ಸೋದರಮಾವ, ನೀರಿನ ಲೋಟ ತರಲು ಹೇಳುವುದಕ್ಕೆ.

“ಕೈ ಕಂಡಿತ್ತು. ಯಾರ ಕೈ ಅಂತ ಕಾಣ್ಲಿಲ್ಲ” ಎಂದರು ಅಜ್ಜ. “ಕಣ್ಣು ಮಂಜಾಗೈತಿ ಅಂತ ಹೇಳಿದ್ರ ನಾಳಿಂದ ಯಾರು ಕರೀತಾರ ಅಂತ ಸುಮ್ನ ಇದ್ದೆ. ಹಂಗೂ ಯಾರೂ ಕರೀಲಿಲ್ಲ. ಮೊದ್ಲೇ ಊದಿದಾವ ಅಂತ ಹೆಸರು ಬಿತ್ತು. ಅಪಶಕುನ ಅಂದ್ರು. ಆ ಹುಡುಗ ಹುಡುಗಿ ಚೆಂದಾಗೇ ಅದಾರ. ಶಿರಾಳಕೊಪ್ಪದ ಸಂತ್ಯಾಗ ಸಿಕ್ಕ್ರ ಮಾತಾಡಸ್ತಾರ. ಹಿರೇರಿಗೆ ಅದು ಲೆಕ್ಕಕ್ಕಿಲ್ಲ.”

ನಾನು ನನ್ನ ಕಾಲ್ಗುಣದ ಕಥೆ ಹೇಳಿದೆ. ಅಜ್ಜ ಆ ಚೌಕಟ್ಟಿನ ಮೂಲಕ ನನ್ನ ಪಾದಗಳನ್ನು ಬಗ್ಗಿ ನೋಡಿದರು.

“ನಿನ್ನ ಕಾಲು ಕೆಟ್ಟದ್ದು ಅಂದ್ರು, ನನ್ನ ಬಾಯಿ ಕೆಟ್ಟದ್ದು ಅಂದ್ರು” ಎಂದರು. “ಉಳಿದದ್ದೆಲ್ಲ ಚಲೋ ಐತಿ ಅಂತ ಆತಲ್ಲ. ಬಿಡು.”

ಅವತ್ತು ಸಂಜೆಯ ಬಸ್ಸಿನಲ್ಲಿ ನಾನು ಪಶು ಆಸ್ಪತ್ರೆಯವರಿಗೆ ಆಗಲಿ ಎಂದೆ. ಮದುವೆಯಾಗೋಣವೇ ಎಂದು ಅವರು ಕೇಳಿ ಎರಡು ತಿಂಗಳಾಗಿತ್ತು.

ಕಛೇರಿಯಲ್ಲೇ ಮದುವೆ ಎಂದು ತೀರ್ಮಾನಿಸಿದೆವು. ಅವರ ಮನೆಯವರು ಬರುವುದಿಲ್ಲ ಎನ್ನಲಿಲ್ಲ, ಬರುತ್ತೇವೆ ಎಂದೂ ಅನ್ನಲಿಲ್ಲ. ಸೊರಬದ ನೋಂದಣಿ ಕಛೇರಿಯ ಬೋರ್ಡಿಗೆ ನಮ್ಮ ನೋಟಿಸು ಅಂಟಿಸಿದರು, ತಿಂಗಳು ಕಾಯಬೇಕು. ಭಾವನ ಕಣ್ಣಿಗೆ ಅದು ಬೀಳದೇ ಇರುವುದಿಲ್ಲ ಎಂದು ನನಗೆ ಗೊತ್ತಿತ್ತು. ಬಂದರೆ ಹೊಡೆಯುವವರಲ್ಲ ಅವರು, ಅಂಥವರಲ್ಲ. ಆದರೆ ಸೈ ಹಾಕುವ ಹೊತ್ತಿಗೆ ಆ ಮಾತು ಆಡುತ್ತಾರೆ. ಇನ್ನೊಬ್ಬರ ಮನೆ ಸೇರುವ ಗಳಿಗೆಯಲ್ಲಿ ಆ ಮಾತು ಕಿವಿಗೆ ಬಿದ್ದರೆ ನನ್ನ ಕೈ ಮುಂದೆ ಹೋಗುವುದಿಲ್ಲ. ನನ್ನ ಬಗ್ಗೆ ನನಗೆ ಚೆನ್ನಾಗಿ ಗೊತ್ತಿತ್ತು. ಕಾಲ್ಗುಣ ಎಂಬುದು ಸುಳ್ಳೆಂದು ಹಗಲೆಲ್ಲ ನಂಬುತ್ತಿದ್ದೆ. ಆದರೂ ಪಶು ಆಸ್ಪತ್ರೆಯವರಿಗೆ ಒಂದು ದಿನ ನೆಗಡಿ ಬಂದು ಬಸ್ಸಿಗೆ ಬರದಿದ್ದರೆ ನನ್ನ ಪಾದ ನೋಡಿಕೊಳ್ಳುತ್ತಿದ್ದೆ.

ಅಜ್ಜನನ್ನು ವಾಲಗಕ್ಕೆ ಕರೆದೆ. ಅವರು ತಕ್ಷಣ ಒಪ್ಪಲಿಲ್ಲ.

“ಬ್ಯಾಡ ತಂಗಿ. ನಾ ಊದಿದ್ದು ತಿಳಿದ್ರ ಆಡ್ಕೊಳ್ಳೋರಿಗೆ ಇನ್ನೊಂದು ಸಿಕ್ಕಂಗ ಆಕ್ಕೈತಿ. ಅಲ್ಲಿ ತಾಳಿ ಇಲ್ಲ, ಭಟ್ರಿಲ್ಲ. ಕೈ ಎತ್ತೋರು ಯಾರು? ನಾ ಮತ್ತ ಮೊದ್ಲೇ ಊದಿದ್ರ?”

“ಕೈ ನಾನೇ ಎತ್ತುತೀನಿ ಅಜ್ಜಾ” ಎಂದೆ. “ಸೈ ಹಾಕಿ, ಪೆನ್ನು ಕೆಳಗಿಟ್ಟು, ಬಲಗೈ ಎತ್ತುತೀನಿ. ಆಗ ಊದಿ.”

“ಮದುಮಗಳೇ ಕೈ ಎತ್ತಾದಾ?” ಎಂದರು ಅಜ್ಜ. ಆಮೇಲೆ ನಾನು ಮಾಡಿಸಿಕೊಟ್ಟ ಹೊಸ ಕನ್ನಡಕವನ್ನು ಶಲ್ಯದಿಂದ ಒರೆಸಿದರು. ಮರುದಿನದಿಂದ ಶಿರಾಳಕೊಪ್ಪದಲ್ಲಿ ನಮ್ಮ ಅಭ್ಯಾಸ ಶುರುವಾಯಿತು. ನಾನು ಹಿಂದಿನ ಸೀಟಿನಲ್ಲಿ ಕೂತು ಸೈ ಹಾಕಿದಂತೆ ಮಾಡಿ ಕೈ ಎತ್ತಬೇಕು, ಅವರು ವಾಲಗ ಬಾಯಿಗಿಡಬೇಕು. ನಾನು ಕೂದಲು ಸರಿಮಾಡಿಕೊಳ್ಳಲು ಕೈ ಎತ್ತಿದರೆ ಅವರು ಮೋಸಹೋಗಬಾರದು. ಮೊದಲೆರಡು ದಿನ ಮೋಸಹೋದರು. ಕಂಡಕ್ಟರು ನೋಡಿ ನೋಡಿ, “ಎಂತ ಮಾರಾಯ್ರೇ, ನನ್ ಶಿಳ್ಳೆಗೂ ಇಷ್ಟು ರಿಹರ್ಸಲ್ ಇಲ್ಲ” ಎಂದರು.

ಮದುವೆಯ ದಿನ ನಮ್ಮ ಬಸ್ಸೇ ದಿಬ್ಬಣವಾಯಿತು. ನಾನೇನೂ ಕರೆದಿರಲಿಲ್ಲ, ಅಜ್ಜ ಹೇಳಿದ್ದರು. ಸೊರಬದಲ್ಲಿ ಇಳಿದ ದಿನನಿತ್ಯದ ಮಂದಿ ಕೆಲಸಕ್ಕೆ ಹೋಗುವ ಬದಲು ಡಬ್ಬಿ, ಚೀಲಗಳ ಸಮೇತ ನಮ್ಮ ಹಿಂದೆ ನಡೆದರು. ಟವೆಲ್ ಜಗಳದ ಇಬ್ಬರು ಹೆಂಗಸರೂ ಇದ್ದರು. ಒಬ್ಬಾಕೆ ಊಟದ ಡಬ್ಬಿಯ ಮುಚ್ಚಳದಲ್ಲಿ ಅಕ್ಷತೆ ಕಲಸಿ ತಂದಿದ್ದಳು. ಬಸ್ಸು ಮತ್ತೆ ಹೊರಡಲು ಸಮಯವಿತ್ತು, ಕಂಡಕ್ಟರು ಶಿಳ್ಳೆ ಕೊರಳಲ್ಲೇ ಇಟ್ಟುಕೊಂಡು ಬಂದರು. ಕಛೇರಿಯ ಗುಮಾಸ್ತರು ಅಷ್ಟು ಜನರನ್ನು ಕಂಡು, “ಒಳಗೆ ಸಾಕ್ಷಿ ಹಾಕೋರು ಮಾತ್ರ. ವಾಲಗ ಗೀಲಗ ಎಲ್ಲ ಹೊರಗಡೆ ಜಗಲಿ ಮೇಲೆ” ಎಂದರು. ಅಜ್ಜ ಜಗಲಿಯಲ್ಲಿ, ತೆರೆದ ಬಾಗಿಲಿಗೆ ನೇರವಾಗಿ ಜಾಗ ಹಿಡಿದು ಕೂತರು. ಅವರು ಬಾಗಿಲ ಕಡೆ, ನನ್ನ ಕಡೆ ಮುಖ ಮಾಡಿ ಕೂತಿದ್ದರು. ಬಸ್ಸಿನಲ್ಲಿ ಇಷ್ಟು ವರ್ಷ ಕಿಟಕಿಗೆ ಮುಖ ಮಾಡಿ ಊದಿದವರು.

ಪುಸ್ತಕ ತಿರುಗಿಸಿ ನನ್ನ ಮುಂದಿಟ್ಟರು. ಪಶು ಆಸ್ಪತ್ರೆಯವರು ಸೈ ಹಾಕಿಯಾಗಿತ್ತು. ನಾನು ಪೆನ್ನು ತೆಗೆದುಕೊಂಡೆ. ಹೊರಗೆ ಬೈಕು ನಿಂತ ಸದ್ದು ಕೇಳಿತು. ತಿರುಗಿ ನೋಡದೆಯೇ ನನಗೆ ಯಾರೆಂದು ಗೊತ್ತಾಯಿತು. ಭಾವ ಗೇಟು ದಾಟಿ, ಜನರನ್ನು ಸರಿಸಿಕೊಂಡು, ಬಾಗಿಲ ತನಕ ಬಂದು ನಿಂತರು. ಏದುಸಿರು ಬಿಡುತ್ತಿದ್ದರು. ನನ್ನ ಕಡೆ ಬೆರಳು ಚಾಚಿ, “ಏ...” ಎಂದರು.

ಪೆನ್ನು ಹಿಡಿದ ಕೈಯನ್ನು ಹಾಗೇ ಮೇಲೆತ್ತಿದೆ.

ಸೈ ಹಾಕಿರಲಿಲ್ಲ. ಹಾಕುವುದಕ್ಕೆ ಆಗುತ್ತಲೂ ಇರಲಿಲ್ಲ. ಬೇರೇನೂ ತೋಚದೆ ಕೈ ಎತ್ತಿದೆ ಅಷ್ಟೆ. ಅದು ಎದ್ದ ಕ್ಷಣಕ್ಕೇ ಗಟ್ಟಿಮೇಳ ಎದ್ದಿತು. ಡಬ್ಬಿಗಳು ಬಡಿದುಕೊಂಡವು, ಕಂಡಕ್ಟರು ಕೆನ್ನೆ ಉಬ್ಬಿಸಿ ಶಿಳ್ಳೆ ಊದಿದರು. ಗಟ್ಟಿಮೇಳ ಕೇಳಿದ ಹೆಂಗಸರ ಕೈ ಸುಮ್ಮನಿರಲಿಲ್ಲ. ಬಾಗಿಲಿನಿಂದ, ಕಿಟಕಿಯಿಂದ ಅಕ್ಷತೆ ಬಿತ್ತು. ನನ್ನ ತಲೆಯ ಮೇಲೆ, ಪುಸ್ತಕದ ಮೇಲೆ, ಅಧಿಕಾರಿಯ ಮೇಜಿನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಬಾಗಿಲಲ್ಲಿ ನಿಂತಿದ್ದ ಭಾವನ ಮೇಲೆ. ಭಾವನ ತುಟಿಗಳು ಆಡುತ್ತಿದ್ದವು. ಕುತ್ತಿಗೆಯ ನರ ಉಬ್ಬಿತ್ತು. ಮೀಸೆಯಲ್ಲಿ ಎರಡು ಅರಿಸಿನದ ಅಕ್ಕಿಕಾಳು ಕೂತಿದ್ದವು. ನನಗೆ ಒಂದು ಅಕ್ಷರವೂ ಕೇಳಲಿಲ್ಲ. ಕೇಳುತ್ತಿದ್ದುದು ವಾಲಗ, ಅದರ ಕೊನೆಗೆ ಹಲ್ಲು ಹೋದ ಜಾಗದ ಆ ಸಣ್ಣ ಗಾಳಿ. ನಾನು ಬಗ್ಗಿ, ಅಕ್ಷತೆಯನ್ನು ಕೈಯಿಂದ ಸರಿಸಿ, ಸೈ ಹಾಕಿದೆ. ಅಕ್ಷರ ಸೊಟ್ಟಗಾಗಿದೆ. ನಕಲು ಪ್ರತಿ ತೆಗೆದುಕೊಂಡಾಗಲೆಲ್ಲ ಅದನ್ನು ನೋಡಿ ನಮ್ಮವರು ನಗುತ್ತಾರೆ.

ಭಾವ ವಾಲಗ ನಿಲ್ಲಲೆಂದು ಕಾದರು. ಅಜ್ಜ ನಿಲ್ಲಿಸಲಿಲ್ಲ. ಆ ವಯಸ್ಸಿನ ಎದೆಯಲ್ಲಿ ಅಷ್ಟು ಉಸಿರು ಎಲ್ಲಿತ್ತೋ. ಮುಖ ಕೆಂಪಗಾಗಿ, ಕನ್ನಡಕ ಮೂಗಿನ ತುದಿಗೆ ಜಾರಿ, ಬೆವರು ಹರಿದರೂ ಊದಿದರು. ಭಾವ ಕೊನೆಗೆ ಕೈ ಕೆಳಗಿಳಿಸಿ, ಮೀಸೆ ಒರೆಸಿಕೊಂಡು, ಬಂದ ದಾರಿಯಲ್ಲೇ ಹೋದರು. ಬೈಕಿನ ಸದ್ದು ಪೂರ್ತಿ ದೂರವಾದ ಮೇಲೆ ಅಜ್ಜ ವಾಲಗ ಕೆಳಗಿಟ್ಟರು.

ಅವರಿಗೆ ನೀರು ಕೊಟ್ಟು, ಜಗಲಿಯ ಮೇಲೆ ಅವರ ಪಕ್ಕ ಕೂತು ಹೇಳಿದೆ, “ಅಜ್ಜಾ, ನಾನು ಸೈ ಹಾಕಿರಲಿಲ್ಲ. ಇನ್ನೂ ಮುಂಚೆಯೇ ಕೈ ಎತ್ತಿಬಿಟ್ಟೆ.”

“ಕಂಡಿತ್ತು ತಂಗಿ” ಎಂದರು. “ಈ ಸಲ ಎಲ್ಲಾ ಕಂಡಿತ್ತು.”

ಆ ಮದುವೆಯ ಸುದ್ದಿ ಹೇಗೆ ಹರಡಿತೋ, ಸೊರಬದ ಕಛೇರಿಯಲ್ಲಿ ಸೈ ಹಾಕುವ ಜೋಡಿಗಳು ಅಜ್ಜನನ್ನು ಹುಡುಕಿಕೊಂಡು ಜ್ಯೂಸ್ ಅಂಗಡಿಯ ಗೋಡೆಯ ಹತ್ತಿರ ಬರತೊಡಗಿದರು. ಮನೆಯವರು ಒಪ್ಪದವರು, ಎರಡನೆಯ ಸಲ ಕಟ್ಟಿಕೊಳ್ಳುವವರು, ಚಪ್ಪರ ಹಾಕುವ ಮನಸ್ಸಿಲ್ಲದವರು. ಎಲ್ಲರಿಗೂ ಅಜ್ಜ ಅದೇ ಷರತ್ತು ಹಾಕುತ್ತಿದ್ದರು, ಕೈ ಮದುಮಗಳೇ ಎತ್ತಬೇಕು. “ಅಕೀಗೆ ಯಾವಾಗ ಬೇಕೋ ಆವಾಗ. ಮೊದ್ಲಾದ್ರೂ ಆತು, ಆಮ್ಯಾಲಾದ್ರೂ ಆತು” ಎಂದು ನಗುತ್ತಿದ್ದರು. ಮೊದ್ಲೇ ಊದಿದಾವ ಎಂಬ ಹೆಸರನ್ನು ಈಗ ತಾವೇ ಹೇಳಿಕೊಳ್ಳುತ್ತಿದ್ದರು.

ಹೋದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಕ್ರಾಸಿನಲ್ಲಿ ಬಸ್ಸು ನಿಂತಿತು, ಅಜ್ಜ ಇರಲಿಲ್ಲ. ಅವರ ಊರಿನವರೊಬ್ಬರು ಹತ್ತಿ ಕಂಡಕ್ಟರಿಗೆ ಹೇಳಿದರು. ಹಿಂದಿನ ಸಂಜೆ ಊಟ ಮಾಡಿ, ಪೀಪಿ ತೊಳೆದಿಟ್ಟು ಮಲಗಿದವರು ಬೆಳಿಗ್ಗೆ ಏಳಲಿಲ್ಲವಂತೆ. ಶಿರಾಳ‌ಕೊಪ್ಪದಲ್ಲಿ ಎಂಜಿನ್ ಆರಿತು. ಡ್ರೈವರು ಆ ದಿನ ಚಹಾಕ್ಕೆ ಇಳಿಯಲಿಲ್ಲ. ಬಾಗಿಲ ಹತ್ತಿರದ ಸೀಟಿನ ಮೇಲೆ ಯಾರೋ ಒಂದು ಟವೆಲ್ ಹಾಸಿದ್ದರು, ಅಜ್ಜನ ಹೆಸರಿಗೆ. ಈಗಲೂ ಆ ಸೀಟಿನಲ್ಲಿ ಹೊಸಬರು ಕೂತರೆ ಕಂಡಕ್ಟರು ಏನೂ ಹೇಳುವುದಿಲ್ಲ, ಆದರೆ ಜಗಳ ಶುರುವಾದರೆ ಡಬ್ಬಿ ಬಡಿಯುವುದು ನಿಂತಿಲ್ಲ.

ಕಳೆದ ತಿಂಗಳು ಭಾವ ಅಂಗಡಿಗೆ ಬಂದರು. ನಾನು ಅಲ್ಲೇ ಇರುವುದು ಅವರಿಗೆ ಗೊತ್ತು. ಸೊರಬದಲ್ಲಿ ಬೇರೆ ಕನ್ನಡಕದ ಅಂಗಡಿಗಳೂ ಇವೆ. ಓದುವುದಕ್ಕೆ ಆಗುತ್ತಿಲ್ಲ ಎಂದರು. ಕೂರಿಸಿ ಕಣ್ಣು ನೋಡಿದೆ. ಕನ್ನಡಕ ತಯಾರಾದ ದಿನ ನಾನೇ ಅವರಿಗೆ ಹಾಕಿ ನೋಡಿದೆ. ಅವರ ಎಡಗಿವಿ ಸ್ವಲ್ಪ ಕೆಳಗಿದೆ, ಕಡ್ಡಿಯನ್ನು ಬಿಸಿಮಾಡಿ ಬಗ್ಗಿಸಬೇಕಾಯಿತು. ಅವರ ತಮ್ಮನ ಕಿವಿಯೂ ಹಾಗೇ ಇತ್ತು. ಕಡ್ಡಿ ಸರಿಯಾಗಿ ಕೂತ ಮೇಲೆ ಭಾವ ನನ್ನ ಮುಖವನ್ನು ಹತ್ತಿರದಿಂದ ನೋಡಿದರು, ಮೊದಲ ಸಲ ನೋಡುವವರ ಹಾಗೆ.

“ನೋಡು, ಅವತ್ತು ಆಫೀಸಲ್ಲಿ ನಾ ಅಂದಿದ್ದು...” ಎಂದು ಶುರುಮಾಡಿ ನಿಲ್ಲಿಸಿದರು.

“ನನಗೆ ಏನೂ ಕೇಳಿಸಲಿಲ್ಲ ಭಾವ” ಎಂದೆ. “ಅಜ್ಜ ಊದುತ್ತಿದ್ದರು.”